ಅಪ್ಪನ ‘ಆತು’

ಅಪ್ಪನ ಬಳಿ ಈಗ ಇರುವುದು ಒಂದೇ ಮಾತು. ‘ಆತು.’

ರೊಟ್ಟಿ ಹಾಕಲಾ ಅಂದರೆ ಆತು. ಸಾಕಾ ಅಂದರೂ ಆತು. ಫ್ಯಾನ್ ಬಂದ್ ಮಾಡು ಅನ್ನುವುದಕ್ಕೂ ಅದೇ, ಮೊಮ್ಮಗಳನ್ನು ಕರೆಯುವುದಕ್ಕೂ ಅದೇ. ಬೆಂಗಳೂರು ಕಡೆಯವರು ‘ಆಯ್ತು’ ಅನ್ನುವುದನ್ನೇ ನಾವು ಹೀಗೆ ಅನ್ನುತ್ತೇವೆ. ಮೊದಲ ತಿಂಗಳು ಎಲ್ಲವೂ ಒಂದೇ ಥರ ಕೇಳುತ್ತಿತ್ತು. ಈಗ ಅವ್ವನಿಗೆ ಹದಿನೈದಿಪ್ಪತ್ತು ಥರದ ಆತು ಗೊತ್ತು. ನನಗೆ ಆರೇಳು.

2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಿತ್ತು ಕೊಚ್ಚಿಹೋಯಿತಲ್ಲ, ಅದರ ಮುಂದಿನ ತಿಂಗಳ ಮಾತು. ಈ ಸಲದ ಬೆಳೆ ಹೋಯಿತು ಅಂತ ಕಾರಟಗಿ ಕಡೆ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದೆವು. ತಾತ್ಕಾಲಿಕ ಗೇಟು ಕೂರಿಸಿದರು, ಮಳೆ ಕೈಹಿಡಿಯಿತು, ಕಾಲುವೆಗೆ ನೀರು ಬಂತು. ಆ ರಾತ್ರಿ ಅಪ್ಪ ಗದ್ದೆಗೆ ನೀರು ತಿರುವಿ, ಹನ್ನೊಂದಕ್ಕೆ ಮನೆಗೆ ಬಂದು ಮಲಗಿದ. ಬೆಳಿಗ್ಗೆ ಐದಕ್ಕೆ ಎದ್ದಾಗ ಬಲಗೈ ಬೇರೆ ಯಾರದೋ ಅನ್ನುವ ಹಾಗೆ ಜೋತುಬಿದ್ದಿತ್ತು. ಬಾಯಿ ಸೊಟ್ಟಗಾಗಿತ್ತು.

‘ಲಕ್ವ ಹೊಡದೈತಿ’ ಅಂದರು ನೋಡಿದವರೆಲ್ಲ. ರೋಗ ಗುರುತು ಹಿಡಿಯುವುದರಲ್ಲಿ ನಮ್ಮ ಓಣಿ ತಪ್ಪಲಿಲ್ಲ. ತಪ್ಪಿದ್ದು ಆಮೇಲೆ. ಒಬ್ಬರು ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ತಿಕ್ಕಿದರು. ಇನ್ನೊಬ್ಬರು, ಪಾರಿವಾಳದ ಬಿಸಿ ರಕ್ತ ಹಚ್ಚಿದರೆ ಗಾಳಿ ಬಿಡುತ್ತದೆ ಅಂತ ಹುಡುಗನೊಬ್ಬನನ್ನು ಹುಡುಕಲು ಓಡಿಸಿದರು. ನಾಟಿ ಔಷಧಕ್ಕೆ ಕರೆದುಕೊಂಡು ಹೋಗೋಣ, ಮೂರು ಸಲ ಕುಡಿಸಿದರೆ ಎದ್ದು ಓಡಾಡುತ್ತಾರೆ ಅಂದವರೂ ಇದ್ದರು. ನಾನು ಗಂಗಾವತಿಯಿಂದ ಬಂದು ಮುಟ್ಟುವಷ್ಟರಲ್ಲಿ ಎಂಟಾಗಿತ್ತು. ಪಾರಿವಾಳ ಸಿಕ್ಕಿರಲಿಲ್ಲ, ಪುಣ್ಯ. ಅಪ್ಪನದಲ್ಲ, ಪಾರಿವಾಳದ್ದು.

ಮೊದಲು ಹೋದ ಆಸ್ಪತ್ರೆಯಲ್ಲಿ ತಲೆಯ ಸಿಟಿ ಸ್ಕ್ಯಾನ್ ಮಾಡುವ ಮಷೀನು ಇತ್ತು, ನಡೆಸುವವರು ಇನ್ನೂ ಬಂದಿರಲಿಲ್ಲ. ಕಾದೆವು. ಆಮೇಲೆ ಕಂಪ್ಲಿ ಸೇತುವೆ ದಾಟಿ ಬಳ್ಳಾರಿಗೆ ಹೋಗುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡು. ಅಲ್ಲಿ ಡಾಕ್ಟರು ಅಪ್ಪನನ್ನು ನೋಡುತ್ತಲೇ ನನಗೊಂದು ಪ್ರಶ್ನೆ ಕೇಳಿದರು.

‘ಕೊನೇ ಸಲ ಇವರು ಸರಿ ಇದ್ದದ್ದನ್ನ ನೋಡಿದ್ದು ಯಾವಾಗ?’

ಬೆಳಿಗ್ಗೆ ಐದು ಅಂದೆ.

‘ಐದಕ್ಕೆ ಆಗಲೇ ಆಗಿಹೋಗಿತ್ತಲ್ಲಮ್ಮ. ಅದಕ್ಕೂ ಮುಂಚೆ?’

ರಾತ್ರಿ ಹನ್ನೊಂದು. ಅವರು ಗೋಡೆ ಗಡಿಯಾರದ ಕಡೆ ನೋಡಿ ಸುಮ್ಮನಾದರು. ಹದಿಮೂರು ತಾಸು. ನಾವು ಎಣ್ಣೆ ತಿಕ್ಕಿದ ಮೂರು ತಾಸಿಗಿಂತ ಅಪ್ಪ ನಿದ್ದೆ ಮಾಡಿದ ಆರು ತಾಸೇ ದೊಡ್ಡದು. ಹಾಗಂತ ಎಷ್ಟು ಸಲ ಸಮಾಧಾನ ಮಾಡಿಕೊಂಡಿದ್ದೇನೋ ಲೆಕ್ಕ ಇಲ್ಲ.

ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕೂತರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಅದು ಕೆಲಸ ಮಾಡುತ್ತದೆ ಅಂತ 1995ರಲ್ಲಿ ಅಮೆರಿಕದ ಒಂದು ಪ್ರಯೋಗ ತೋರಿಸಿತು. ಆಗ ಗಡುವು 3 ತಾಸು. 2008ರಲ್ಲಿ ಯುರೋಪಿನವರು ಅದನ್ನು ನಾಲ್ಕೂವರೆ ತಾಸಿಗೆ ಹಿಗ್ಗಿಸಿದರು. ತೊಡೆಸಂದಿಯಿಂದ ತಂತಿ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನ 2015ರಿಂದ ಈಚೆಗೆ ಬಲವಾಯಿತು. ಕೆಲವರಿಗೆ ಅದನ್ನು 24 ತಾಸಿನವರೆಗೂ ಮಾಡಬಹುದು ಅಂತ 2018ರಲ್ಲಿ ಗೊತ್ತಾಯಿತು. ಅದೇ ವರ್ಷ ಇನ್ನೊಂದು ಪ್ರಯೋಗವೂ ಬಂತು. ನಿದ್ದೆಯಲ್ಲೇ ಲಕ್ವ ಹೊಡೆದವರಿಗೆ ಎಂಆರ್‌ಐ ನೋಡಿ, ಗಡಿಯಾರದ ಬದಲು ಮಿದುಳನ್ನೇ ಕೇಳಿ ಇಂಜೆಕ್ಷನ್ ಕೊಡಬಹುದು ಅಂತ ಅದು ತೋರಿಸಿತು. ಅಪ್ಪನಂಥವರಿಗೇ ಮಾಡಿದ ಹಾಗಿತ್ತು. ಆದರೆ ಸಿಟಿ ಸ್ಕ್ಯಾನಿನಲ್ಲಿ ಆಗಲೇ ಹುಣಸೆಹಣ್ಣಿನ ಉಂಡೆಯಷ್ಟು ಜಾಗ ಕಪ್ಪಾಗಿತ್ತು, ಅಂದರೆ ಸತ್ತಿತ್ತು.

ಕಾಲುವೆ ಕೆಳಗೆ ಬದುಕುವವರಿಗೆ ಇದನ್ನು ತಿಳಿಸುವುದು ಸುಲಭ. ಉಪಕಾಲುವೆಯ ಬಾಯಿಗೆ ಹೂಳು ಕಟ್ಟಿತು ಅನ್ನಿ. ಅದರ ಬುಡದಲ್ಲೇ ಇರುವ ಗದ್ದೆಗೆ ಬೇರೆ ದಾರಿ ಇಲ್ಲ, ಬೇಗ ಒಣಗುತ್ತದೆ. ಅಂಚಿನ ಗದ್ದೆಗಳಿಗೆ ಪಕ್ಕದ ಹಳ್ಳದಿಂದಲೋ, ಬೇರೆಯವರ ಬದುವಿನಿಂದ ಬಸಿದೋ ಸ್ವಲ್ಪ ನೀರು ಬರುತ್ತಿರುತ್ತದೆ. ಪೈರು ಬಾಡಿರುತ್ತದೆ, ಸತ್ತಿರುವುದಿಲ್ಲ. ಡಾಕ್ಟರು ಉಳಿಸಲು ಓಡಾಡುವುದು ಈ ಬಾಡಿದ ಗದ್ದೆಗಳನ್ನು. ದೊಡ್ಡ ನಾಳ ಕಟ್ಟಿದರೆ ನಿಮಿಷಕ್ಕೆ 19 ಲಕ್ಷ ನರಕೋಶ ಸಾಯುತ್ತವೆ ಅಂತ 2006ರಲ್ಲೊಬ್ಬರು ಲೆಕ್ಕ ಹಾಕಿದ್ದಾರೆ. ಕಾಲುವೆಯ ಕೊನೇ ತುದಿಯ ಮಾನ್ವಿ, ಸಿರವಾರ ಕಡೆ ರೈತರು ನೀರಿಗಾಗಿ ಯಾಕೆ ಅಷ್ಟು ಕೂಗಾಡುತ್ತಾರೆ ಅಂತ ನಮಗೆ ಗೊತ್ತು, ಅಲ್ವಾ? ಅಪ್ಪನ ತಲೆಯಲ್ಲಿ ಕಟ್ಟಿದ್ದೂ ಎಡದಂಡೆ ಕಾಲುವೆಯೇ. ಮಿದುಳಿನ ಎಡಭಾಗ. ಅದಕ್ಕೇ ಬಲಗೈ ಹೋಯಿತು, ಮಾತೂ ಹೋಯಿತು.

ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಧರಣಿ ಕೂತರು. ಸಾವಿರ ದಿನ ದಾಟಿತು. ಇದೆಲ್ಲ ರಾಜಕೀಯ ಅಂತ ನಾನೂ ಒಮ್ಮೆ ಅಂದಿದ್ದೆ. ಈಗ ಅನ್ನುವುದಿಲ್ಲ.

ಮಾತಿನ ವಿಷಯಕ್ಕೆ ಬರುತ್ತೇನೆ. 1861ರಲ್ಲಿ ಪ್ಯಾರಿಸ್ಸಿನ ಡಾಕ್ಟರು ಪಾಲ್ ಬ್ರೋಕಾ ಬಳಿಗೆ ಒಬ್ಬ ರೋಗಿ ಬಂದ. ಏನು ಕೇಳಿದರೂ ‘ತಾನ್’ ಅನ್ನುತ್ತಿದ್ದ. ಆಸ್ಪತ್ರೆಯಲ್ಲಿ ಅವನ ಹೆಸರೇ ತಾನ್ ಆಗಿಹೋಗಿತ್ತು. ಅವನು ತೀರಿಕೊಂಡ ಮೇಲೆ ಬ್ರೋಕಾ ಮಿದುಳು ತೆರೆದು ನೋಡಿದರೆ ಎಡಗಡೆ ಮುಂಭಾಗ ಕೆಟ್ಟಿತ್ತು. ಮಾತು ಕಟ್ಟುವ ಜಾಗ ಇದು ಅಂತ ಜಗತ್ತಿಗೆ ಗೊತ್ತಾದದ್ದು ಹಾಗೆ. ಇದನ್ನು ಓದಿದ ದಿನ ನನಗೆ ವಿಚಿತ್ರ ಸಮಾಧಾನವಾಯಿತು. ನೂರಾ ಅರವತ್ತು ವರ್ಷದ ಹಿಂದೆ ಅಪ್ಪನಿಗೆ ಒಬ್ಬ ಜೊತೆಗಾರ ಇದ್ದ. ಅವನದು ತಾನ್, ಇವನದು ಆತು.

ಇನ್ನೊಂದು ಅಚ್ಚರಿ ಇದೆ. ಶ್ರಾವಣದ ಭಜನೆಗೆ ಪಕ್ಕದ ಮನೆಯವರು ತಾಳ ಹಾಕಿದರೆ ಅಪ್ಪ ತತ್ವಪದದ ಒಂದಿಡೀ ಸಾಲು ಹಾಡುತ್ತಾನೆ. ಸ್ಪಷ್ಟ ಕನ್ನಡ, ಒಂದಕ್ಷರ ತಪ್ಪಿಲ್ಲ. ಹಾಡು ನಿಂತ ಕೂಡಲೇ ಮತ್ತೆ ಆತು. ಮೊದಲ ಸಲ ಕೇಳಿದಾಗ ಅವ್ವ ಹುಲಿಗೆಮ್ಮನ ಪವಾಡ ಅಂದಳು. ಹರಕೆ ತೀರಿಸಲು ಹುಲಿಗಿಗೂ ಹೋಗಿ ಬಂದೆವು. ಹಾಡು, ಎಣಿಕೆ, ಬೈಗುಳ ಇವೆಲ್ಲ ಬಾಯಿಪಾಠದ ಮಾತು. ಮಾತು ಕಟ್ಟುವ ಜಾಗ ಹಾಳಾದರೂ ಎಷ್ಟೋ ಸಲ ಇವು ಉಳಿದುಕೊಳ್ಳುತ್ತವೆ. 1970ರ ದಶಕದಲ್ಲಿ ಬಾಸ್ಟನ್ನಿನವರು ಇದನ್ನೇ ಹಿಡಿದು, ಮಾತನ್ನು ರಾಗದಲ್ಲಿ ಹೇಳಿಸಿ ಆಮೇಲೆ ರಾಗ ಬಿಡಿಸುವ ಒಂದು ಚಿಕಿತ್ಸೆ ಕಟ್ಟಿದರು. ನಮಗೆ ಮಾತಿನ ಥೆರಪಿ ಸಿಗುವುದು ವಾರಕ್ಕೊಮ್ಮೆ, ವಿಡಿಯೋ ಕಾಲಿನಲ್ಲಿ. ಹೇಳಿಕೊಡುವ ಹುಡುಗಿ ಮೈಸೂರಿನಲ್ಲಿ ಓದಿದವಳು. ‘ನೀರು ಬೇಕು’ ಅನ್ನುವುದನ್ನು ಅವಳು ಎರಡು ಸ್ವರದಲ್ಲಿ ಎಳೆದು ಹೇಳುತ್ತಾಳೆ. ಅಪ್ಪ ರಾಗ ಸರಿಯಾಗಿ ಎಳೆಯುತ್ತಾನೆ. ಮಾತು ಮಾತ್ರ ‘ಆ...ತು.’

ನಾನು ಹೇಳಬೇಕೆಂದು ಕೂತದ್ದು ಇದಲ್ಲ. ಇನ್ನೊಂದು ಪದದ ಬಗ್ಗೆ. ‘ಆಗಲಿಲ್ಲ.’

ಮೂರನೇ ತಿಂಗಳಿಗೆ ನಮ್ಮ ಮನೆಗೆ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. ದೊಡ್ಡ ಊರಿನ ಒಂದು ಕ್ಲಿನಿಕ್ಕು. ಸ್ಟೆಮ್ ಸೆಲ್, ಅಂದರೆ ಬೇರೆ ಥರದ ಕೋಶಗಳಾಗಿ ಬೆಳೆಯಬಲ್ಲ ಕೋಶಗಳ ಚಿಕಿತ್ಸೆ. ಗಾಲಿಕುರ್ಚಿಯಲ್ಲಿ ಬಂದವರು ನಡೆದುಕೊಂಡು ಹೋಗುವ ದೃಶ್ಯ, ಹಿಂದೆ ಸಂಗೀತ. ಫೋನ್ ಮಾಡಿದರೆ ತುಂಬಾ ಸವಿ ಮಾತು. ಮೂರು ಇಂಜೆಕ್ಷನ್, ಐದು ಲಕ್ಷ. ಕಾಕಾ ಅರ್ಧ ಎಕರೆ ಮಾರೋಣ ಅಂದ. ನಾನೂ ಹ್ಞೂಂ ಅಂದೆ. ಸುಳ್ಳು ಯಾಕೆ ಹೇಳಲಿ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಆದರೂ ಹ್ಞೂಂ ಅಂದೆ.

ಬಳ್ಳಾರಿಯ ಡಾಕ್ಟರು ಬೈಯಲಿಲ್ಲ. ‘ಇದನ್ನ ನಮ್ಮ ದೇಶದಲ್ಲೇ ಮಾಡಿ ನೋಡಿದಾರಮ್ಮ’ ಅಂದರು. ದೆಹಲಿಯ ಏಮ್ಸಿನ ಡಾ. ಕಾಮೇಶ್ವರ್ ಪ್ರಸಾದ್ ಮತ್ತು ಜೊತೆಗಾರರು ಐದು ಆಸ್ಪತ್ರೆ ಸೇರಿಸಿ 120 ರೋಗಿಗಳನ್ನು ತೆಗೆದುಕೊಂಡಿದ್ದರು. ಚೀಟಿ ಎತ್ತಿದ ಹಾಗೆ ಎರಡು ಗುಂಪು. ಒಂದು ಗುಂಪಿಗೆ ಅವರದೇ ಮೂಳೆಮಜ್ಜೆಯ ಕೋಶಗಳನ್ನು ರಕ್ತನಾಳಕ್ಕೆ ಕೊಟ್ಟರು. ಇನ್ನೊಂದು ಗುಂಪಿಗೆ ಇಲ್ಲ. ಆರು ತಿಂಗಳಾದ ಮೇಲೆ, ರೋಗಿ ಯಾವ ಗುಂಪಿನವರು ಅಂತ ಗೊತ್ತಿಲ್ಲದವರು ಅಳತೆ ಮಾಡಿದರು. ಅಪಾಯವಾಗಲಿಲ್ಲ. ಉಪಯೋಗವೂ ಆಗಲಿಲ್ಲ. ಹಾಗಂತಲೇ 2014ರಲ್ಲಿ ಬರೆದು ಪ್ರಕಟಿಸಿದರು. ರಕ್ತದ ಕೆಲವು ಕಾಯಿಲೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗ ಮಾತ್ರ, ಚಿಕಿತ್ಸೆ ಅಂತ ಮಾರುವ ಹಾಗಿಲ್ಲ ಅಂತ ವೈದ್ಯಕೀಯ ಸಂಶೋಧನೆಯ ಕೇಂದ್ರ ಸಂಸ್ಥೆಯಾದ ಐಸಿಎಂಆರ್‌ನ 2017ರ ನಿಯಮವೂ ಹೇಳುತ್ತದೆ.

ಅರ್ಧ ಎಕರೆ ಉಳಿಯಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವರ್ಷಗಟ್ಟಲೆ ದುಡಿದು ಕೊನೆಗೆ ‘ಆಗಲಿಲ್ಲ’ ಅಂತ ಬರೆಯಬೇಕಾದವರ ಬಗ್ಗೆ ಯೋಚನೆ ಮಾಡುತ್ತಿದ್ದೆ. ಅವರಿಗೂ ಆಗಲಿ ಅಂತಲೇ ಆಸೆ ಇದ್ದಿರಬೇಕು. ಅಂಥದ್ದನ್ನು ಪೇಪರಿನವರು ಬರೆಯುವುದಿಲ್ಲ, ವಿಡಿಯೋಕ್ಕೆ ಸಂಗೀತ ಹಾಕುವುದಿಲ್ಲ. ನಮ್ಮ ಶಾಲೆಯಲ್ಲೂ ಅಷ್ಟೇ. ಪ್ರಯೋಗದ ಉತ್ತರ ಬರದಿದ್ದರೆ ಮಕ್ಕಳು ಪಕ್ಕದವರ ರೀಡಿಂಗ್ ನೋಡಿ ಬರೆಯುತ್ತಾರೆ. ನಾನು ನೋಡಿಯೂ ಮಾರ್ಕ್ಸ್ ಕೊಟ್ಟಿದ್ದೇನೆ.

ಅಲ್ಲಿಂದ ‘ಆಗಲಿಲ್ಲ’ಗಳನ್ನು ಹುಡುಕುವುದೇ ನನಗೆ ಚಟವಾಯಿತು. ಫ್ಲೂಆಕ್ಸೆಟಿನ್ ಅನ್ನುವ ಮಾತ್ರೆ ಇದೆ, ಮನಸ್ಸಿನ ಕುಗ್ಗುವಿಕೆಗೆ ಕೊಡುವಂಥದ್ದು. ಅದರಿಂದ ಸೋತ ಕೈಕಾಲು ಚುರುಕಾಗುತ್ತದೆ ಅಂತ 2011ರಲ್ಲಿ ಫ್ರಾನ್ಸಿನ ಒಂದು ಸಣ್ಣ ಪ್ರಯೋಗ ಆಸೆ ಹುಟ್ಟಿಸಿತು. ಆಗ ಇದ್ದದ್ದು 118 ಜನ. 2018ರಲ್ಲಿ ಬ್ರಿಟನ್ನಿನವರು 3,127 ಜನರ ಮೇಲೆ ನೋಡಿದರು. ಆಗಲಿಲ್ಲ. ಮೇಲೆ ಮೂಳೆ ಮುರಿತ ಜಾಸ್ತಿಯಾಯಿತು. ಔಷಧಿ ಅಂಗಡಿಯ ನಮ್ಮ ಭಾವ ಆ ಮಾತ್ರೆ ಶುರು ಮಾಡಿ ನೋಡೋಣ ಅಂತಿದ್ದ. ಅವನಿಗೆ ಫೋನಿನಲ್ಲಿ ಇದನ್ನು ಓದಿ ಹೇಳಿದೆ. ಅವನಿಗೆ ಸ್ವಲ್ಪ ಬೇಜಾರಾಯಿತು.

ಆದರೆ ನನ್ನನ್ನು ಕೆಡವಿದ್ದು ಮೂರನೆಯದು.

ಅವ್ವನ ಬಗ್ಗೆ ಮೊದಲು ಹೇಳಬೇಕು. ಡಿಸ್ಚಾರ್ಜ್ ಆಗುವ ಮುನ್ನ ಫಿಸಿಯೋದವರು ಎರಡು ದಿನ ಅವಳಿಗೆ ಕಲಿಸಿದ್ದರು. ಹೆಗಲು ಎಳೆಯಬಾರದು, ಮಲಗಿಸುವಾಗ ಕೈ ಕೆಳಗೆ ದಿಂಬು ಇಡಬೇಕು, ಬೆರಳು ಒಂದೊಂದಾಗಿ ಬಿಡಿಸಬೇಕು. ಅವ್ವನಿಗೆ ಓದು ಬರುವುದಿಲ್ಲ. ಎಲ್ಲವನ್ನೂ ಕಣ್ಣಲ್ಲಿ ನೋಡಿ ಇಟ್ಟುಕೊಂಡಳು. ಬೆಳಿಗ್ಗೆ ರೊಟ್ಟಿ ಹಿಟ್ಟು ನಾದುವಾಗ ಒಂದು ಉಂಡೆ ಅಪ್ಪನ ಬಲಗೈಗೆ. ಮಧ್ಯಾಹ್ನ ಮೊರದಲ್ಲಿ ಶೇಂಗಾ. ಸಂಜೆ ಗೋಡೆ ಹಿಡಿದು ಹತ್ತು ಹೆಜ್ಜೆ, ಆಮೇಲೆ ಇಪ್ಪತ್ತು. ಒಂದು ದಿನ ತಪ್ಪಿಸಲಿಲ್ಲ. ತಂಗಿಯ ಮನೆಯ ಮದುವೆಗೂ ಹೋಗಲಿಲ್ಲ.

ಆಗ ನನಗೆ ಸಿಕ್ಕಿದ್ದು 2017ರ ಒಂದು ದೊಡ್ಡ ಪ್ರಯೋಗ. ಲೂಧಿಯಾನದ ಡಾ. ಜಯರಾಜ್ ಪಾಂಡಿಯನ್, ಸಿಡ್ನಿಯ ರಿಚರ್ಡ್ ಲಿಂಡ್ಲೆ ಮತ್ತು ತಂಡದವರದು. ನಮ್ಮ ದೇಶದ 14 ಆಸ್ಪತ್ರೆ, 1,250 ರೋಗಿಗಳು. ಫಿಸಿಯೋ ಸಿಗದ ಕಡೆ ಮನೆಯವರಿಗೇ ತರಬೇತಿ ಕೊಟ್ಟರೆ ರೋಗಿಗಳು ಜಾಸ್ತಿ ಚೇತರಿಸುತ್ತಾರಾ ಅನ್ನುವುದು ಪ್ರಶ್ನೆ. ಅಂದರೆ ಅವ್ವ ಮಾಡಿದ್ದೇ. ಆರು ತಿಂಗಳಿಗೆ ಲೆಕ್ಕ ತೆಗೆದರು. ತರಬೇತಿ ಸಿಕ್ಕ ಗುಂಪಿನಲ್ಲಿ ತೀರಿಕೊಂಡವರು, ಇಲ್ಲವೇ ಇನ್ನೊಬ್ಬರ ಆಸರೆಯಲ್ಲೇ ಉಳಿದವರು ಶೇಕಡಾ 47. ಸಿಗದ ಗುಂಪಿನಲ್ಲೂ ಶೇಕಡಾ 47.

ಎರಡು ವಾರ ಅವ್ವನಿಗೆ ಹೇಳಲಿಲ್ಲ. ಹೇಗೆ ಹೇಳಲಿ? ಹೊಲ ಉಳಿಸಿದ ‘ಆಗಲಿಲ್ಲ’ವನ್ನು ನಂಬುವುದಾದರೆ ಇದನ್ನೂ ನಂಬಬೇಕು. ಬೇಕಾದದ್ದು ಮಾತ್ರ ಆರಿಸಿಕೊಂಡರೆ ಆ ಕ್ಲಿನಿಕ್ಕಿನವರಿಗೂ ನನಗೂ ಏನು ವ್ಯತ್ಯಾಸ?

ಒಂದು ಭಾನುವಾರ ಶೇಂಗಾ ಮೊರದ ಮುಂದೆ ಕೂತು ಹೇಳಿಬಿಟ್ಟೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು.

‘ಕಲಸಲಾರದ ಮಂದಿ ಮನ್ಯಾಗ ಸುಮ್ನ ಕುಂತಿದ್ರೇನು?’

‘ಅಂದ್ರ?’

‘ಅವರ ಮನ್ಯಾಗೂ ಹೆಂಡ್ತಿ ಇರ್ತಾಳಲ್ಲ. ಆಕಿ ಕೈ ತಿಕ್ಕಿರಂಗಿಲ್ಲೇನು?’

ವಾಪಸ್ ಹೋಗಿ ಮತ್ತೆ ಓದಿದೆ. ಹೌದು. ಅಲ್ಲಿ ಹೋಲಿಸಿದ್ದು ನೋಡಿಕೊಂಡ ಮನೆ, ನೋಡಿಕೊಳ್ಳದ ಮನೆ ಅಂತಲ್ಲ. ಈ ತರಬೇತಿ ಪಡೆದು ಮಾಡಿದ ಮನೆ, ಆಸ್ಪತ್ರೆಯ ಮಾಮೂಲಿ ಆರೈಕೆಯ ಮೇಲೆ ತಮಗೆ ತೋಚಿದಂತೆ ಮಾಡಿದ ಮನೆ. ಮನೆಯವರಿಗೆ ಕೊಟ್ಟ ಆ ತರಬೇತಿಯಿಂದ ದೊಡ್ಡ ಫರಕು ಬೀಳಲಿಲ್ಲ ಅನ್ನುವುದಷ್ಟೇ ಅದು ಹೇಳಿದ್ದು. ಇದು ಸರಕಾರಗಳಿಗೆ ಹೇಳಿದ ಮಾತೂ ಹೌದು. ಫಿಸಿಯೋದವರ ಕೆಲಸವನ್ನು ಮನೆ ಹೆಂಗಸರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬೇಡಿ ಅಂತ ನಾನು ಅದನ್ನು ಓದಿಕೊಂಡೆ. ನನ್ನ ಓದು ಸ್ವಲ್ಪ ಅವ್ವನ ಕಡೆ ವಾಲಿರಬಹುದು. ವಾಲಲಿ.

ಆದದ್ದೂ ಇದೆ, ಅದನ್ನೂ ಹೇಳಬೇಕು. ಎಡ್ವರ್ಡ್ ಟಾಬ್ ಅನ್ನುವ ಅಮೆರಿಕದ ವಿಜ್ಞಾನಿ ಕೋತಿಗಳ ಮೇಲೆ ಕೆಲಸ ಮಾಡುವಾಗ ಒಂದು ವಿಷಯ ಗಮನಿಸಿದ. ಸೋತ ಕೈಯನ್ನು ಬಳಸಿ ಬಳಸಿ ಸೋಲುವುದರಿಂದ, ಪ್ರಾಣಿ ಆ ಕೈಯನ್ನು ಬಳಸದಿರುವುದನ್ನೇ ಕಲಿತುಬಿಡುತ್ತದೆ. ಹಾಗಾದರೆ ಒಳ್ಳೆಯ ಕೈಯನ್ನು ಕಟ್ಟಿಹಾಕಿದರೆ? ಆ ಕೋತಿಗಳ ವಿಷಯವಾಗಿ 1981ರಲ್ಲಿ ಪೊಲೀಸ್ ಕೇಸೂ ಆಯಿತು, ದೊಡ್ಡ ಗಲಾಟೆ. ಆ ಗಲಾಟೆ ತಪ್ಪು ಅಂತ ನಾನು ಹೇಳಲಾರೆ. ಆದರೆ 2006ರಲ್ಲಿ ಲಕ್ವ ಹೊಡೆದ 222 ಜನರ ಮೇಲೆ ಈ ಉಪಾಯ ನೋಡಿದಾಗ ಕೈ ನಿಜಕ್ಕೂ ಸುಧಾರಿಸಿತು. ಒಂದು ಷರತ್ತಿದೆ. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಅಲುಗುತ್ತಿರಬೇಕು.

ಅಪ್ಪನದು ಅಲುಗುತ್ತಿತ್ತು. ಫಿಸಿಯೋದವರನ್ನು ಕೇಳಿಕೊಂಡೇ ದಿನಾ ಎರಡು ತಾಸು, ಕೂತಲ್ಲಿ, ಎಡಗೈಗೆ ಟವೆಲ್ ಸುತ್ತಿ ಕಟ್ಟಿದೆವು. ಅಪ್ಪ ನಮ್ಮನ್ನು ನೋಡಿದ ನೋಟ ಮರೆಯಲಾರೆ. ಇದ್ದ ಒಂದು ಕೈಯನ್ನೂ ಮನೆಯವರೇ ಕಟ್ಟಿದರು! ಆಗ ಬಂದ ‘ಆತು’ ಖಂಡಿತ ಬೈಗುಳ. ಮೊದಲ ವಾರ ಶೇಂಗಾ ಒಂದೂ ಒಡೆಯಲಿಲ್ಲ. ನಾಲ್ಕನೇ ವಾರ ಎರಡು. ಈಗ ಅರ್ಧ ತಾಸಿಗೆ ಒಂದು ಬೊಗಸೆ. ಅವ್ವ ಅದೇ ಶೇಂಗಾ ಹುರಿದು ಹಿಂಡಿ, ಅಂದರೆ ಚಟ್ನಿಪುಡಿ, ಮಾಡುತ್ತಾಳೆ, ಉಪ್ಪು ಅರ್ಧಕ್ಕರ್ಧ ಕಡಿಮೆ ಹಾಕಿ. ಯಾಕೆಂದರೆ ಇಷ್ಟಕ್ಕೆಲ್ಲ ಕಾರಣ ಬಿಪಿ. ತಲೆ ತಿರುಗುವುದು ನಿಂತಿತು ಅಂತ ಅಪ್ಪ ಮಾತ್ರೆ ಬಿಟ್ಟು ಒಂದು ವರ್ಷವಾಗಿತ್ತು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಈ ಕತೆಯಲ್ಲಿ ಎಲ್ಲಕ್ಕಿಂತ ಅಗ್ಗದ ಔಷಧಿ ಅದೇ ಆಗಿತ್ತು.

ಫಿಸಿಯೋ ಕೋಣೆಯಲ್ಲಿ ನಮಗೊಬ್ಬ ಹುಡುಗನ ಪರಿಚಯವಾಯಿತು. ಸಿಂಧನೂರು ಕಡೆಯವನು. ಹುಣಸೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಅವನ ಫೋನಿನಲ್ಲಿ ಸ್ವಿಟ್ಜರ್ಲೆಂಡಿನ ವಿಡಿಯೋ ಇತ್ತು. ಅದು ಸುಳ್ಳಲ್ಲ. ಲೊಸಾನ್ ಊರಿನ ಗ್ರೆಗ್ವಾರ್ ಕೂರ್ಟಿನ್, ಜೊಸೆಲಿನ್ ಬ್ಲಾಕ್ ತಂಡ 2023ರಲ್ಲಿ ತೋರಿಸಿದ್ದು. ಗೆರ್ಟ್-ಯಾನ್ ಓಸ್ಕಾಮ್ ಅನ್ನುವವರಿಗೆ ಸೈಕಲ್ ಅಪಘಾತವಾಗಿ ಹನ್ನೆರಡು ವರ್ಷವಾಗಿತ್ತು. ಅವರ ತಲೆಯಲ್ಲೂ ಬೆನ್ನಿನಲ್ಲೂ ಯಂತ್ರ ಕೂರಿಸಿದರು. ನಡೆಯಬೇಕು ಅನ್ನುವ ಯೋಚನೆಯನ್ನು ಮೇಲಿನದು ಹಿಡಿದು ಕೆಳಗಿನದಕ್ಕೆ ಕಳಿಸುತ್ತದೆ. ಕಾಲುವೆ ಒಡೆದ ಕಡೆ ಪೈಪ್ ಹಾಕಿದ ಹಾಗೆ. ಅವರು ಊರುಗೋಲು ಹಿಡಿದು ನಡೆದರು.

‘ನಮ್ಮ ಕಡೆ ಯಾವಾಗ ಬರತೈತ್ರಿ ಅಕ್ಕಾ?’ ಅಂತ ಕೇಳಿದ.

ಏನು ಹೇಳಲಿ? ಅವನಿಗೆ ನಾನು ಗುಟ್‌ಮನ್ ಕತೆ ಹೇಳಿದೆ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ಲಿನಲ್ಲಿ ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ಪೆಟ್ಟಿನವರ ವಾರ್ಡು ಶುರು ಮಾಡಿದಾಗ, ಅಂಥ ಹೆಚ್ಚಿನವರು ಬೇಗ ಸಾಯುತ್ತಿದ್ದರು. ಸಾಯುತ್ತಿದ್ದದ್ದು ಬೆನ್ನುಹುರಿಯಿಂದಲ್ಲ, ಹಾಸಿಗೆ ಹುಣ್ಣಿನಿಂದ, ಮೂತ್ರದ ಸೋಂಕಿನಿಂದ. ಆತ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವ ನಿಯಮ ಮಾಡಿದ. ರಾತ್ರಿಯೂ ತಪ್ಪಿಸುವಂತಿಲ್ಲ. ಜನ ಬದುಕಿದರು. 1948ರಲ್ಲಿ 16 ಜನರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಿಲ್ಲುಬಾಣದ ಆಟ ಆಡಿಸಿದ. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ಹುಡುಗ ಎಲ್ಲ ಕೇಳಿ, ‘ಎರಡು ತಾಸಿಗೊಮ್ಮೆ ಯಾರು ಏಳಬೇಕ್ರಿ, ನಮ್ಮವ್ವ ಕೂಲಿಗೆ ಹೋಗತಾಳ’ ಅಂದ. ನನ್ನ ಕತೆ ಅಲ್ಲಿಗೆ ನಿಂತಿತು.

ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ. ‘ಹೊಸದು ಏನರ ಬಂತೇನ್ರಿ?’ ಅಂತಲೇ ಶುರು. ಆಪರೇಷನ್ ಇಲ್ಲದೆ, ಕತ್ತಿನ ಮೇಲಿಂದಲೇ ವಿದ್ಯುತ್ ಕೊಟ್ಟು ಕೈ ಬಲ ಹೆಚ್ಚಿಸುವ ಯಂತ್ರಕ್ಕೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು ಅಂತ ಹೇಳಿದೆ. ‘ನನ್ನ ಕೈ ಚಲೋ ಅದಾವಲ್ಲ’ ಅಂದು ನಕ್ಕ. ಕಳೆದ ಸಲ ಕೇಳಿದ್ದು ಬೇರೆ. ಗಾಳಿ ಹಾಸಿಗೆಯ ಮೋಟಾರು ಕೆಟ್ಟಿದೆ, ರಿಪೇರಿ ಮಾಡುವವರು ಬಳ್ಳಾರಿಯಲ್ಲಿ ಯಾರಾದರೂ ಇದ್ದಾರಾ? ಹುಡುಕಿ ಕೊಟ್ಟೆ. ನಾನು ಅವನಿಗೆ ಮಾಡಿದ್ದರಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ.

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಸಂಜೆ ನಾಲ್ಕು. ಅವ್ವ ಟವೆಲ್ ಹಿಡಿದು ಬಂದಳು. ಅಪ್ಪ ಕಟ್ಟೆ ಮೇಲೆ ಕೂತು ಎಡಗೈಯಲ್ಲಿ ಚಾ ಕುಡಿಯುತ್ತಿದ್ದ. ಅವ್ವ ಕೈ ಹಿಡಿದಳು.

‘ತಡಿ’ ಅಂದ ಅಪ್ಪ.

ನಾನು ಎದ್ದು ನಿಂತೆ. ಹದಿನಾಲ್ಕು ತಿಂಗಳಾದ ಮೇಲೆ ಎರಡನೇ ಮಾತು. ಅವ್ವ ನನ್ನ ಕಡೆ ತಿರುಗಲೂ ಇಲ್ಲ.

‘ತಡೀತೀನಿ ತಗೋ. ಚಾ ಆರತೈತಿ, ಲಗೂನ ಕುಡಿ’ ಅಂದಳು.